ಹಸಿರು ಕೋಶ ಕೆಂಪಾಗುವುದು ಹೇಗೆ?

ಪ್ರಶ್ನೆ: ಲೇಸರ್ ಹಾಯಿಸಿ ಜೀವಂತ ಕೋಶದೊಳಗೆ ಹೊಳೆಯುವ ಗುರುತು ಮಾಡುತ್ತಾರೆ ಎಂದು ಓದಿದೆ. ಆ ಬಣ್ಣ ಎಲ್ಲಿಂದ ಬರುತ್ತದೆ? ಕೋಶ ಸುಟ್ಟುಹೋಗುವುದಿಲ್ವಾ?
– ದ್ವಿತೀಯ ಪಿಯುಸಿ ವಿದ್ಯಾರ್ಥಿನಿ, ಶಿವಮೊಗ್ಗ

ಉತ್ತರ: ಬಣ್ಣ ಕೋಶದೊಳಗೆ ಮೊದಲೇ ಇರಬೇಕು. ‘ಲೇಸರ್‌ನಿಂದ ಬಣ್ಣ ಬಳಿದರು’ ಅಂತ ಬರೆಯುವವರು ಈ ಅರ್ಧ ಕಥೆಯನ್ನು ಬಿಟ್ಟೇಬಿಡುತ್ತಾರೆ.

ಕಯೇಡೆ ಎಂಬ ಪ್ರೋಟೀನನ್ನೇ ನೋಡಿ. ಜಪಾನಿನ ರಿಕೆನ್ ಸಂಸ್ಥೆಯ ಅತ್ಸುಶಿ ಮಿಯಾವಾಕಿ ಅವರ ತಂಡಕ್ಕೆ ಇದರ ಜೀನ್ ಸಿಕ್ಕಿದ್ದು ಒಂದು ಹವಳದಲ್ಲಿ. ನೀಲಿ ಬೆಳಕು ಹಾಯಿಸಿದರೆ ಹಸಿರಾಗಿ ಹೊಳೆಯುತ್ತದೆ. ಅದರ ಒಂದು ಮಾದರಿ ರಾತ್ರಿಯಿಡೀ ಮೇಜಿನ ಮೇಲೇ ಉಳಿದುಬಿಟ್ಟಿತು. ಮರುದಿನ ನೋಡಿದರೆ ಕೆಂಪು! ಕಾಗದದ ಪೆಟ್ಟಿಗೆಯಲ್ಲಿದ್ದವು ಮಾತ್ರ ಹಸಿರಾಗೇ ಇದ್ದವು. ದಕ್ಷಿಣದ ಕಿಟಕಿಯಿಂದ ಬಿದ್ದ ಬಿಸಿಲಿನ ಕೆಲಸ ಅದು. ಅಲ್ಲಲ್ಲಿ ಮೋಡವಿತ್ತಂತೆ, ಆದರೂ ಅಷ್ಟೇ ಸಾಕಾಯಿತು. 2002ರಲ್ಲಿ ಇದನ್ನು ಪ್ರಕಟಿಸಿದರು. ಕಯೇಡೆ ಅಂದರೆ ಜಪಾನಿಯಲ್ಲಿ ಮೇಪಲ್. ಎಲೆ ಹಸಿರಿನಿಂದ ಕೆಂಪಿಗೆ ತಿರುಗುವ ಮರ, ಹೆಸರು ಚೆನ್ನಾಗಿ ಹೊಂದುತ್ತದೆ ಅಲ್ವಾ?

ಬಿಸಿಲಿನಲ್ಲಿ ಕೆಲಸ ಮಾಡಿದ್ದು ನೇರಳೆ ಮತ್ತು ಅದರಾಚೆಯ ಕಿರಣ. ಅದು ತಾಗಿದಾಗ ಪ್ರೋಟೀನಿನ ಸರಪಳಿ ಒಂದು ಕಡೆ ತುಂಡಾಗುತ್ತದೆ. ಬಣ್ಣ ಕೊಡುವ ಭಾಗದ ರಚನೆ ಬದಲಾಗಿ ಕೆಂಪು ಹೊಳಪು ಬರುತ್ತದೆ. ತುಂಡಾಗಿದ್ದು ಮತ್ತೆ ಕೂಡುವುದಿಲ್ಲ, ಹಾಗಾಗಿ ಕೆಂಪು ವಾಪಸ್ ಹಸಿರಾಗುವುದಿಲ್ಲ.

ಬಿಸಿಲೇ ಸಾಕಾದರೆ ಲೇಸರ್ ಯಾಕೆ? ಬಿಸಿಲು ಎಲ್ಲದರ ಮೇಲೂ ಬೀಳುತ್ತದೆ. 405 ನ್ಯಾನೋಮೀಟರ್‌ನ ನೇರಳೆ ಲೇಸರನ್ನು ಸೂಕ್ಷ್ಮದರ್ಶಕದಲ್ಲಿ ಒಂದು ಮೈಕ್ರೋಮೀಟರ್‌ಗಿಂತ ಚಿಕ್ಕ ಚುಕ್ಕೆಯಾಗಿ ಇಳಿಸಬಹುದು. ಹಿಂಡಿನಲ್ಲಿ ತನ್ನ ಕುರಿ ತಿಳಿಯಲಿ ಎಂದು ಕುರುಬರು ಅದರ ಮೈಗೆ ಬಣ್ಣ ಹಚ್ಚುತ್ತಾರಲ್ಲ, ಹಾಗೆ. ತಟ್ಟೆಯಲ್ಲಿ ಬೆಳೆಸಿದ ನರಕೋಶಗಳ ಎಳೆಗಳು ಒಂದಕ್ಕೊಂದು ಸಿಕ್ಕಿಕೊಂಡಿರುತ್ತವೆ. ಕಯೇಡೆಯ ಜೀನ್ ಸೇರಿಸಿರುವುದರಿಂದ ಎಲ್ಲವೂ ಹಸಿರು. ಒಂದೇ ಕೋಶದ ನಡುಭಾಗಕ್ಕೆ ಲೇಸರ್ ತಾಗಿಸಿದರೆ ಅಲ್ಲಿ ಕೆಂಪಾದ ಪ್ರೋಟೀನ್ ನಿಧಾನವಾಗಿ ಅದರ ಎಳೆಗಳಿಗೂ ಹರಿಯುತ್ತದೆ. ಆ ಗೋಜಲಿನಲ್ಲಿ ಯಾವ ಎಳೆ ಯಾರದ್ದು ಎಂದು ಆಗ ಕಾಣುತ್ತದೆ. ನನಗೆ ಇದಕ್ಕಿಂತ ಇಷ್ಟವಾದ ಪ್ರಯೋಗ ಕಡಿಮೆ.

ಒಂದು ತೊಂದರೆಯೂ ಇದೆ. ನಾಲ್ಕು ಕಯೇಡೆ ಅಣುಗಳು ಯಾವಾಗಲೂ ಗುಂಪಾಗಿರುತ್ತವೆ. ಇದನ್ನು ಬೇರೆ ಪ್ರೋಟೀನಿಗೆ ಅಂಟಿಸಿದರೆ ಅದರ ಕೆಲಸಕ್ಕೆ ಅಡ್ಡಿಯಾಗಬಹುದು. ಅಂಥ ಕಡೆ ಒಂಟಿಯಾಗಿರುವ ಡೆಂಡ್ರಾ2 ಥರದ ಪ್ರೋಟೀನುಗಳನ್ನು ಬಳಸುತ್ತಾರೆ.

ಇನ್ನು ಸುಡುವ ವಿಷಯ. ನೇರಳೆ ಬೆಳಕು ಜಾಸ್ತಿಯಾದರೆ ಕೋಶಕ್ಕೆ ಪೆಟ್ಟು ಬೀಳುವುದು ನಿಜ, ಸತ್ತೂ ಹೋಗಬಹುದು. ಅದಕ್ಕೇ ಲೇಸರ್ ಶಕ್ತಿ ತಗ್ಗಿಸಿ, ಸ್ವಲ್ಪ ಹೊತ್ತು ಮಾತ್ರ ಬಿಡುತ್ತಾರೆ. ಕಯೇಡೆ ಇಲ್ಲದ ಕೋಶಕ್ಕೂ ಅಷ್ಟೇ ಬೆಳಕು ಕೊಟ್ಟು, ಅದು ಆರಾಮಾಗಿದೆಯಾ ಎಂದು ನೋಡುತ್ತಾರೆ.

ಗುರುತು ಶಾಶ್ವತ ಅಲ್ಲ. ಕೋಶ ಹಳೆಯ ಪ್ರೋಟೀನನ್ನು ಒಡೆದುಹಾಕುತ್ತಿರುತ್ತದೆ, ಹೊಸದು ಹಸಿರಾಗೇ ಹುಟ್ಟುತ್ತದೆ. ಮತ್ತೆ ಗುರುತು ಬೇಕೆಂದರೆ ಇನ್ನೊಮ್ಮೆ ಲೇಸರ್ ಬಿಟ್ಟರಾಯಿತು.