ಫೋನ್ ಬಾರದ ರಾತ್ರಿಗೂ ಸಂಬಳ ಕೊಡಬೇಕು

(ಗೋರೆಗಾಂವ್‌ನ ಹಿರಿಯ ಓದುಗರೊಬ್ಬರ ಪತ್ರದ ಸಾರ: ‘ಮಾನಸಿಕ ಬಿಕ್ಕಟ್ಟಿನ ಸಹಾಯವಾಣಿಗೆ ಅಮೆರಿಕದಲ್ಲಿ ಖಾಸಗಿ ಆರೋಗ್ಯ ವಿಮಾ ಕಂಪನಿಗಳಿಂದ ಹಣ ಎತ್ತುವುದನ್ನು ಮೆಚ್ಚಿ ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. ಮಾನಸಿಕ ಕಾಯಿಲೆಗೂ ಮೆಡಿಕ್ಲೇಮ್ ಕೊಡಬೇಕೆಂಬ ಕಾನೂನು ನಮ್ಮಲ್ಲಿ ಇದೆಯಲ್ಲ, ಮತ್ತೇಕೆ ಇನ್ನೊಂದು ವಸೂಲಿ? ಕೊನೆಗೆ ಅದು ನಮ್ಮ ಪ್ರೀಮಿಯಂ ಮೇಲೇ ಬೀಳುವುದಿಲ್ಲವೇ? ಪಾಲಿಸಿಯೇ ಇಲ್ಲದ ಹೋಟೆಲ್ ಹುಡುಗರಿಗೆ ಇದರಿಂದ ಏನು ಸಿಕ್ಕೀತು?’)

ಮಾನ್ಯರೇ,

ಕಾನೂನು ಇದೆ, ನಿಜ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 21(4)ನೇ ಕಲಂ ಪ್ರಕಾರ ದೇಹದ ಕಾಯಿಲೆಗೆ ಯಾವ ಆಧಾರದಲ್ಲಿ ವಿಮೆಯೋ ಮನಸ್ಸಿನ ಕಾಯಿಲೆಗೂ ಅದೇ ಆಧಾರದಲ್ಲಿ ಕೊಡಬೇಕು. ಆದರೆ ಮೆಡಿಕ್ಲೇಮ್ ಸಾಮಾನ್ಯವಾಗಿ ಕೈ ಬಿಚ್ಚುವುದು ರೋಗಿ ಆಸ್ಪತ್ರೆಗೆ ದಾಖಲಾದ ಮೇಲೆ. ರಾತ್ರಿ ಎರಡು ಗಂಟೆಗೆ ಫೋನ್ ಎತ್ತಿ, ಮುಕ್ಕಾಲು ಗಂಟೆ ಮಾತಾಡಿಸಿ, ಆಸ್ಪತ್ರೆಯ ಮೆಟ್ಟಿಲು ಹತ್ತುವ ಪ್ರಮೇಯವೇ ಬಾರದಂತೆ ನೋಡಿಕೊಂಡವರು ಯಾರಿಗೆ ಬಿಲ್ ಕಳಿಸಬೇಕು? ಬಿಲ್ ಉಳಿದದ್ದು ವಿಮಾ ಕಂಪನಿಗೆ, ಖರ್ಚು ಬಿದ್ದದ್ದು ಬೇರೆಯವರ ತಲೆಗೆ.

ಖರ್ಚಿನ ಲೆಕ್ಕ ಹೀಗಿದೆ. ಫೋನ್ ಎತ್ತುವವರ ಒಂದು ಕುರ್ಚಿ ಹಗಲೂ ರಾತ್ರಿ ಖಾಲಿ ಬೀಳದಂತೆ ನೋಡಿಕೊಳ್ಳಲು ವಾರಕ್ಕೆ 168 ಗಂಟೆ ಕೆಲಸ. ಒಬ್ಬರದು 40 ಗಂಟೆ ಅಂದರೆ 4.2 ಜನ, ರಜೆ, ಕಾಯಿಲೆ, ತರಬೇತಿ ಸೇರಿದರೆ ಐವರು. ಮನೆಗೇ ಹೋಗಿ ನೋಡುವ ತಂಡದಲ್ಲಿ ಇಬ್ಬರಿರಬೇಕು, ಅಂದರೆ ಸಂಬಳದ ಪಟ್ಟಿಯಲ್ಲಿ ಹತ್ತು ಹೆಸರು. ಆ ರಾತ್ರಿ ಹತ್ತು ಕರೆ ಬಂದರೂ ಅಷ್ಟೇ, ಒಂದೂ ಬಾರದಿದ್ದರೂ ಅಷ್ಟೇ. ಅಗ್ನಿಶಾಮಕ ದಳಕ್ಕೆ ಬೆಂಕಿ ಬಿದ್ದ ದಿನ ಮಾತ್ರ ಸಂಬಳ ಕೊಟ್ಟರೆ ನಡೆದೀತೇ? ಅಮೆರಿಕದಲ್ಲಿ ಬಿಕ್ಕಟ್ಟಿನ ಸೇವೆಗೆ 15 ನಿಮಿಷಕ್ಕೊಂದರಂತೆ ಬಿಲ್ ಹಾಕುವ ಕೋಡ್ ಇದೆ. ಅದು ರೋಗಿಯ ಎದುರು ಕಳೆದ ಹೊತ್ತಿಗೆ ಹಣ ಕೊಡುತ್ತದೆ, ಕಾಯುತ್ತ ಕೂತ ಹೊತ್ತಿಗೆ ಕೊಡುವುದಿಲ್ಲ. ಸೇವೆಗಳು ಸೊರಗುವುದು ಇಲ್ಲೇ.

ಅದಕ್ಕೇ ಬೇಕಾದದ್ದು ವಂತಿಗೆ, ಕರೆಗಿಷ್ಟು ಎಂಬ ಶುಲ್ಕವಲ್ಲ. ಮ್ಯಾಸಚೂಸೆಟ್ಸ್ ರಾಜ್ಯ ಖಾಸಗಿ ವಿಮಾದಾರರ ವಂತಿಗೆಯಿಂದ ಇದಕ್ಕೆಂದೇ ಒಂದು ನಿಧಿ ಮಾಡಿದೆ. 2023ರ ಜನವರಿಯಲ್ಲಿ ಅಲ್ಲಿ ಶುರುವಾದ ಸಹಾಯವಾಣಿ ವಿಮೆ ಇದ್ದವರಿಗೂ ಇಲ್ಲದವರಿಗೂ ಒಂದೇ. ಇನ್ನೊಂದು ದಾರಿ, ವಿಮೆಗೊಳಪಟ್ಟ ತಲೆಗಳನ್ನು ಎಣಿಸಿ ತಲೆಗಿಷ್ಟು ಎಂದು ಎತ್ತುವುದು. ವಾಷಿಂಗ್ಟನ್ ರಾಜ್ಯ ಮಾನಸಿಕ ಆರೋಗ್ಯದ ಫೋನ್ ಸಲಹಾ ಸೇವೆಗಳಿಗೆ ವಿಮಾದಾರರಿಂದ ಹೀಗೆ ವಂತಿಗೆ ಎತ್ತುತ್ತದೆ.

ಪ್ರೀಮಿಯಂ ಮೇಲೆ ಬೀಳುತ್ತದೆಯೇ? ಬೀಳುತ್ತದೆ, ಮುಚ್ಚಿಡುವುದೇಕೆ. ಎಷ್ಟು ಎಂಬುದು ಪ್ರಶ್ನೆ. ತಲೆಗಿಷ್ಟು ಎಂಬ ಕ್ರಮವನ್ನೇ ಹಿಡಿದು ಉದಾಹರಣೆಗೆ ಲೆಕ್ಕ ಹಾಕೋಣ: ಸೇವೆಗೆ ವರ್ಷಕ್ಕೆ 12 ಕೋಟಿ ರೂಪಾಯಿ, ವಿಮೆ ಇರುವವರು 50 ಲಕ್ಷ. ತಲೆಗೆ ವರ್ಷಕ್ಕೆ 24 ರೂಪಾಯಿ, ತಿಂಗಳಿಗೆ ಎರಡು. ಎಲ್ಲ ಕಂಪನಿಗಳಿಗೂ ಒಂದೇ ದರವಾದ್ದರಿಂದ ಸೇವೆ ಕಡಿತಗೊಳಿಸಿ ಅಗ್ಗವಾಗುವ ಪೈಪೋಟಿಗೆ ಆಸ್ಪದವಿಲ್ಲ. ವರ್ಷದ ಕೊನೆಗೆ ಉಳಿದದ್ದನ್ನು ಮುಂದಿನ ವರ್ಷದ ದರದಲ್ಲಿ ಕಳೆಯಬೇಕು, ಇದನ್ನು ಕಾನೂನಿನಲ್ಲೇ ಬರೆಯಬೇಕು.

ಕೊಡ ಸೋರುವ ಜಾಗ ಎರಡು. ಅಮೆರಿಕದಲ್ಲಿ ದೊಡ್ಡ ಉದ್ಯೋಗದಾತರಲ್ಲಿ ಬಹುತೇಕರು ವಿಮೆ ಕೊಳ್ಳುವುದಿಲ್ಲ. ನೌಕರರ ಚಿಕಿತ್ಸೆಗೆ ತಾವೇ ಹಣ ಕೊಟ್ಟು, ಕ್ಲೇಮ್ ನೋಡಿಕೊಳ್ಳಲು ಮಾತ್ರ ಒಂದು ಕಂಪನಿಯನ್ನು ಇಟ್ಟುಕೊಳ್ಳುತ್ತಾರೆ. 1974ರ ಎರಿಸಾ ಎಂಬ ಕೇಂದ್ರ ಕಾನೂನಿನಿಂದಾಗಿ ಇಂಥ ಯೋಜನೆಗಳನ್ನು ರಾಜ್ಯಗಳು ನೇರವಾಗಿ ಮುಟ್ಟುವಂತಿಲ್ಲ. ಆಸ್ಪತ್ರೆ ಬಿಲ್ಲಿನ ಮೇಲೆ ನ್ಯೂಯಾರ್ಕ್ ಹಾಕಿದ್ದ ಹೆಚ್ಚುವರಿ ಶುಲ್ಕವನ್ನು ಸುಪ್ರೀಂ ಕೋರ್ಟ್ 1995ರಲ್ಲಿ ಎತ್ತಿಹಿಡಿಯಿತು. ಆದರೆ ಇಂಥ ಯೋಜನೆಗಳಿಂದ ಕ್ಲೇಮ್ ಮಾಹಿತಿ ಕೇಳಿದ್ದ ವರ್ಮಾಂಟ್ ರಾಜ್ಯ 2016ರಲ್ಲಿ ಸೋತಿತು. ಕಾನೂನಿನಲ್ಲಿ ಹಣ ಕೇಳುವ ವಾಕ್ಯವನ್ನೂ ಲೆಕ್ಕ ಕೇಳುವ ವಾಕ್ಯವನ್ನೂ ಅಳೆದು ತೂಗಿ ಬರೆಯದಿದ್ದರೆ ಭಾರವೆಲ್ಲ ಸಣ್ಣ ಅಂಗಡಿ, ಸಣ್ಣ ಕಚೇರಿಗಳ ಪಾಲಿಸಿ ಮೇಲೆ ಬೀಳುತ್ತದೆ. ಎರಡನೆಯದು, ನಿಧಿಯನ್ನು ಬೇರೆ ಕೆಲಸಕ್ಕೆ ತಿರುಗಿಸುವುದು. ಅಲ್ಲಿ 911 ತುರ್ತು ಸೇವೆಗೆಂದು ಫೋನ್ ಬಿಲ್ಲಿನಲ್ಲಿ ಎತ್ತಿದ ದುಡ್ಡನ್ನು ಕೆಲವು ರಾಜ್ಯಗಳು ಬೇರೆಡೆ ಸುರಿದಿವೆ. ಯಾರು ಹಾಗೆ ಮಾಡಿದರೆಂದು ಅಲ್ಲಿನ ಸಂಪರ್ಕ ಆಯೋಗ ಪ್ರತಿವರ್ಷ ಸಂಸತ್ತಿಗೆ ವರದಿ ಕೊಡುತ್ತದೆ.

ನಮ್ಮಲ್ಲಿ? ವಿಮೆ ಸಂವಿಧಾನದ ಕೇಂದ್ರ ಪಟ್ಟಿಯಲ್ಲಿದೆ. ಹಾಗಾಗಿ ಮಹಾರಾಷ್ಟ್ರ ವಿಧಾನಸಭೆಯ ಬಾಗಿಲು ತಟ್ಟುವುದಕ್ಕಿಂತ ದಿಲ್ಲಿಯಲ್ಲೇ ಕೇಳಬೇಕು. ಮಾದರಿ ಹುಡುಕಲು ಅಮೆರಿಕದವರೆಗೆ ಹೋಗಬೇಕಾಗಿಯೂ ಇಲ್ಲ. ಗುದ್ದಿ ಓಡಿಹೋದ ವಾಹನದಿಂದ ಸತ್ತವರ ಕುಟುಂಬಕ್ಕೆ 2022ರ ಏಪ್ರಿಲ್‌ನಿಂದ ಸಿಗುವ 2 ಲಕ್ಷ ರೂಪಾಯಿ ಪರಿಹಾರದ ಹಿಂದೆ ಇರುವುದೂ ವಾಹನ ವಿಮಾ ಕಂಪನಿಗಳ ವಂತಿಗೆಯೇ. ಸತ್ತವರು ಪಾಲಿಸಿ ಮಾಡಿಸಿದ್ದರೇ ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ರಸ್ತೆಗೆ ಒಪ್ಪಿದ ನ್ಯಾಯವನ್ನು ಮನಸ್ಸಿಗೂ ಒಪ್ಪಬೇಕೆಂಬುದು ನಮ್ಮ ಖಚಿತ ಅಭಿಪ್ರಾಯ.

ಹೋಟೆಲ್ ಹುಡುಗರ ಬಗ್ಗೆ ನೀವು ಕೇಳಿದ್ದು ಪತ್ರದ ಅತ್ಯಂತ ಮುಖ್ಯ ಮಾತು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ ಕೇಂದ್ರ ಸರ್ಕಾರದ ಯೋಜನೆ. ಅದರ ಮುಖ್ಯ ಕೇಂದ್ರ ಬೆಂಗಳೂರಿನ ನಿಮ್ಹಾನ್ಸ್. ಸಂಖ್ಯೆ 14416, ಹಗಲೂ ರಾತ್ರಿ, ದುಡ್ಡಿಲ್ಲ. ಪಾಲಿಸಿ ನಂಬರ್ ಬೇಕಿಲ್ಲ. ಭಾಷೆ ಆರಿಸಿಕೊಳ್ಳಬಹುದು, ಅದರಲ್ಲಿ ಕನ್ನಡವೂ ಇದೆ. ನಿಮ್ಮ ಪರಿಚಯದ ಹೋಟೆಲುಗಳಲ್ಲಿ ಹುಡುಗರು ಮಲಗುವ ಕೋಣೆಯ ಗೋಡೆಗೆ ಈ ಐದು ಅಂಕಿಗಳನ್ನು ದಪ್ಪಕ್ಷರದಲ್ಲಿ ಬರೆಸಿ ಅಂಟಿಸಿ. ಮಾಲೀಕರ ಗಲ್ಲಾಪೆಟ್ಟಿಗೆ ಹತ್ತಿರ ಬೇಡ, ಅಲ್ಲಿ ನಿಂತು ಯಾವ ಹುಡುಗನೂ ಅದನ್ನು ಓದಲಾರ.

— ಸಂಪಾದಕ