ಕಾಲೇಜು ಐಸ್ ಹಾಕಿಯಲ್ಲಿ ಹೊಡೆದಾಟ ಏಕಿಲ್ಲ?

ಬಾಸ್ಟನ್‌ನಲ್ಲಿ ಕಾಲೇಜು ಪಂದ್ಯ ನೋಡಿದಿರಿ, ಒಂದು ಗುದ್ದಾಟವೂ ಇರಲಿಲ್ಲ, ಹಾಗಾದರೆ ಇದು ಸಪ್ಪೆ ಆಟವೇ ಎಂದು ಕೇಳಿದ್ದೀರಿ. ಖಂಡಿತ ಅಲ್ಲ. ಉತ್ತರ ಅಮೆರಿಕದ ವೃತ್ತಿಪರ ಲೀಗ್ ಆದ ಎನ್‌ಎಚ್‌ಎಲ್‌ನಲ್ಲಿ ಕೈಮಾಡಿದವನು ಐದು ನಿಮಿಷ ಪೆನಾಲ್ಟಿ ಬಾಕ್ಸ್‌ನಲ್ಲಿ ಕುಳಿತು ಮತ್ತೆ ಆಡಬಹುದು. ಕಾಲೇಜಿನಲ್ಲಿ ಆ ಪಂದ್ಯದಿಂದ ಹೊರಕ್ಕೆ, ಮುಂದಿನದಕ್ಕೂ ನಿಷೇಧ. ಇಡೀ ಋತುವಿಗೆ ಇರುವುದೇ ಸುಮಾರು 34 ಪಂದ್ಯ. ಯಾರು ತಾನೇ ಕಳೆದುಕೊಳ್ಳುತ್ತಾರೆ? ಮೇಲಾಗಿ ಮುಖಪೂರ್ತಿ ಜಾಲರಿ ಕಡ್ಡಾಯ, ಗುದ್ದಿದರೆ ನೋಯುವುದು ಗುದ್ದಿದವನ ಬೆರಳೇ!

ಆದರೆ ಡಿಕ್ಕಿಗಳಿಗೆ ಕೊರತೆಯಿಲ್ಲ. ಪಂದ್ಯಗಳು ಹೆಚ್ಚಾಗಿ ಶುಕ್ರವಾರ, ಶನಿವಾರ ಮಾತ್ರ. ಹುಡುಗರು ಮೈಯುಳಿಸಿಕೊಳ್ಳದೆ ನುಗ್ಗುತ್ತಾರೆ. 80ಕ್ಕೂ ಹೆಚ್ಚು ಪಂದ್ಯಗಳ ಎನ್‌ಎಚ್‌ಎಲ್ ಋತುವಿನಲ್ಲಿ ಜನವರಿಯ ಕೆಲವು ಸಂಜೆಗಳು ನನಗಂತೂ ನೀರಸ. ಚೆಂಡಿನ ಬದಲಿರುವ ಆ ಪಕ್ ಅನ್ನು ಪಾಸ್ ಮಾಡುವ ವೇಗ, ನಿಖರತೆಯಲ್ಲಿ ಮಾತ್ರ ವೃತ್ತಿಪರರದೇ ಮೇಲುಗೈ, ಅದರಲ್ಲಿ ಎರಡು ಮಾತಿಲ್ಲ.

ಹಾಗೆಂದು ಅಂತರ ದಾಟಲಾಗದ್ದೇನೂ ಅಲ್ಲ. ಕೇಲ್ ಮಕಾರ್ 2019ರ ಏಪ್ರಿಲ್‌ನಲ್ಲಿ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಪರ ಕಾಲೇಜು ಫೈನಲ್ ಸೋತು, ಎರಡೇ ದಿನಗಳಲ್ಲಿ ಎನ್‌ಎಚ್‌ಎಲ್ ತಂಡ ಕೊಲೊರಾಡೊ ಪರ ಪ್ಲೇಆಫ್‌ಗೆ ಇಳಿದು ಮೊದಲ ಪಂದ್ಯದಲ್ಲೇ ಗೋಲು ಹೊಡೆದರು. ಮುಂದಿನ ಸಲ ವಿದ್ಯಾರ್ಥಿಗಳ ವಾದ್ಯವೃಂದದ ಹತ್ತಿರದ ಸೀಟು ಹಿಡಿಯಿರಿ.