ನಗಿ ಅಂದರೆ ಮುಖ ಬಿಗಿಯುತ್ತದೆ

ಪ್ರಶ್ನೆ: ಮೇ ತಿಂಗಳಲ್ಲಿ ನನ್ನ ಮದುವೆ. ಮನೆ ಮೂಡಿಗೆರೆ ಹತ್ತಿರದ ತೋಟದಲ್ಲಿ, ಛತ್ರ ಹಾಸನದಲ್ಲಿ. ನಿಶ್ಚಿತಾರ್ಥದ ಫೋಟೋಗಳಲ್ಲಿ ಇಬ್ಬರೂ ಮರದ ಗೊಂಬೆಗಳ ಹಾಗೆ ನಿಂತಿದ್ದೇವೆ. ಮದುವೆ ದಿನ ಫೋಟೋ ಸಹಜವಾಗಿ ಬರಬೇಕು. ಅವತ್ತೇ ಶೆಟ್ಟಿಹಳ್ಳಿ ಚರ್ಚ್‌ಗೂ ಹೋಗಬೇಕು ಅಂತ ಹುಡುಗನ ಆಸೆ. ಏನು ಮಾಡಲಿ?

ಉತ್ತರ: 'ನಗಿ' ಅಂದಾಗ ತುಟಿ ಮಾತ್ರ ನಗುತ್ತದೆ, ಕಣ್ಣು ಕ್ಯಾಮೆರಾಗೆ ಹೆದರಿಕೊಂಡೇ ಇರುತ್ತದೆ, ಎಲ್ಲರಿಗೂ ಹಾಗೇ ಆಗುತ್ತದೆ, ನೀವು ಬೇಜಾರು ಮಾಡ್ಕೋಬೇಡಿ. ಕೈಗೆ ಒಂದು ಕೆಲಸ ಸಿಕ್ಕರೆ ಮುಖ ತಾನಾಗೇ ಸಡಿಲವಾಗುತ್ತದೆ. ನಾನು ಫೋಟೋ ತೆಗೆದ ಒಂದು ಮದುವೆಯಲ್ಲಿ ಹಾರದ ದಾರ ಹುಡುಗಿಯ ಜುಮುಕಿಗೆ ಸಿಕ್ಕಿಕೊಂಡಿತು. ಬಿಡಿಸಲು ನಾಲ್ಕು ಜನ ಮುಂದೆ ಬಂದರು. ಹುಡುಗ 'ಇರಿ' ಅಂದು ತಾನೇ ಎರಡು ಬೆರಳಲ್ಲಿ ನಿಧಾನಕ್ಕೆ ಬಿಡಿಸಿದ, ಅವಳು ಕತ್ತು ಓರೆ ಮಾಡಿ, ನೋವು ತಡೆದುಕೊಂಡು ನಗುತ್ತಾ ನಿಂತಿದ್ದಳು. ಆಲ್ಬಂನ ಮೊದಲ ಪುಟಕ್ಕೆ ಅವರು ಆರಿಸಿದ್ದು ಅದನ್ನೇ. ನಿಮಗೂ ಅಂಥ ಕ್ಷಣಗಳು ಶಾಸ್ತ್ರದಲ್ಲೇ ಇವೆ. ಅಂತರಪಟ ಸರಿದು ಜೀರಿಗೆ ಬೆಲ್ಲ ಹಾಕುವಾಗ ಫೋಟೋಗ್ರಾಫರ್ ಕಡೆ ತಿರುಗಲೇಬೇಡಿ. ಹುಡುಗನನ್ನೇ ನೋಡಿ.

ಫೋಟೋಗ್ರಾಫರನ್ನು ಅರಿಶಿನ ಶಾಸ್ತ್ರಕ್ಕೇ ಮನೆಗೆ ಕರೆಸಿ, ಕಾಫಿ ಕೊಡಿ, ಸುಮ್ನೆ ಮಾತಾಡಿ. ಮಾರನೇ ದಿನ ಅವರು ಹೊರಗಿನವರು ಅನಿಸುವುದಿಲ್ಲ, ಅಲ್ವಾ? ತೋಟದಲ್ಲಿ ಸಿಲ್ವರ್ ಓಕ್ ಮರದ ಕೆಳಗೆ ಮಧ್ಯಾಹ್ನ ನಿಲ್ಲಬೇಡಿ, ಎಲೆಗಳ ನಡುವಿನಿಂದ ಬೀಳುವ ಬಿಸಿಲು ಮುಖದ ಮೇಲೆ ಚುಕ್ಕಿ ಚುಕ್ಕಿಯಾಗುತ್ತದೆ. ಜಗಲಿಯ ಅಂಚಿನಲ್ಲಿ ಅಂಗಳದ ಕಡೆ ಮುಖ ಮಾಡಿ ಕೂತರೆ ಬೆಳಕು ಮೆತ್ತಗೆ, ಸಮವಾಗಿ ಬರುತ್ತದೆ.

ಶೆಟ್ಟಿಹಳ್ಳಿ ಮದುವೆ ದಿನ ಖಂಡಿತ ಬೇಡ. ರೇಷ್ಮೆ ಸೀರೆ, ಒಡವೆ, ಬಿಸಿಲು, ಇತ್ತ ಛತ್ರದಲ್ಲಿ ಕಾಯುವ ನೆಂಟರು, ಇಷ್ಟೆಲ್ಲಾ ತಲೆಯಲ್ಲಿಟ್ಟುಕೊಂಡು ಯಾರು ನಗುತ್ತಾರೆ? ಒಂದು ವಾರ ಮೊದಲೇ ಹೋಗಿ. 1860ರ ದಶಕದ ಚರ್ಚ್ ಅದು, ಮಳೆಗಾಲದಲ್ಲಿ ಗೊರೂರು ಹಿನ್ನೀರಿನಲ್ಲಿ ಮುಳುಗುತ್ತದೆ, ಬೇಸಿಗೆಯಲ್ಲಿ ನೀರು ಇಳಿದಾಗ ಹತ್ತಿರ ಹೋಗಬಹುದು. ಸಂಜೆ ಐದೂವರೆ ಮೇಲೆ ಬೆಳಕು ಚೆನ್ನಾಗಿರುತ್ತದೆ. ಗೋಡೆಗಳು ಶಿಥಿಲವಾಗಿವೆ, ಒರಗಬೇಡಿ, ಹತ್ತಬೇಡಿ.

ಮದುವೆ ದಿನ ನಿಮಗೆ ಬೇಕಾಗಿರುವುದು ಇಪ್ಪತ್ತು ನಿಮಿಷ ಮಾತ್ರ, ಇಬ್ಬರೇ. ಜನರನ್ನು ತಡೆಯಲು ಗಟ್ಟಿ ದನಿಯ ಅತ್ತೆಯೋ ಚಿಕ್ಕಮ್ಮನೋ ಇದ್ದೇ ಇರುತ್ತಾರೆ, ಅವರಿಗೆ ಈಗಲೇ ಹೇಳಿಡಿ. ಅದಕ್ಕೂ ಮೊದಲು ಊಟ ಮಾಡಿ. ಧಾರೆ ಮುಗಿಯುವವರೆಗೆ ಉಪವಾಸ ಇದ್ದವರು ಎಲೆ ಮುಂದೆ ಅಕ್ಕಪಕ್ಕ ಕೂತು ಮೊದಲ ತುತ್ತು ತಿನ್ನುವಾಗ ಮುಖ ಹೇಗಿರುತ್ತದೆ ಅನ್ನುವುದನ್ನು ನಾನು ತುಂಬಾ ಸಲ ನೋಡಿದ್ದೇನೆ. ಕ್ಯಾಮೆರಾ ಅಲ್ಲೂ ಇರಲಿ, ಸ್ವಲ್ಪ ದೂರದಲ್ಲಿ.